ಎಡಬದಿಯ ಆಸನದಲ್ಲಿ ಕುಳಿತವನು

ವಾಹನ ಸುರಕ್ಷಾ ಪ್ರಮಾಣಕಗಳನ್ನು ನಿರ್ಣಯಿಸುವ ಮಹನೀಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೋಟಾರು ವಾಹನಗಳ ಸುರಕ್ಷಾ ಪ್ರಮಾಣಕಗಳನ್ನು ರಚಿಸುವ ಸಮಿತಿಗಳ ಸದಸ್ಯರಾದ ತಮಗೂ, ಆ ಪ್ರಮಾಣಕಗಳಿಗೆ ಕಾನೂನಿನ ಮುದ್ರೆಯನ್ನೊತ್ತುವ ಸಾರಿಗೆ ಮಂತ್ರಾಲಯದ ಅಧಿಕಾರಿಗಳಾದ ತಮಗೂ, ದಾವಣಗೆರೆಯ ಪಿ.ಬಿ. ರಸ್ತೆಯ ಲಾರಿ ಆಫೀಸೊಂದರಲ್ಲಿ 31 ವರ್ಷ ಬುಕಿಂಗ್ ಗುಮಾಸ್ತನಾಗಿ ದುಡಿದು, ಈಗ ಮನೆಯ ಜಗಲಿಯ ಮೇಲೆ ಪತ್ರಿಕೆಯನ್ನೋದುತ್ತ ಕಾಲ ಕಳೆಯುತ್ತಿರುವ ಒಬ್ಬ ವೃದ್ಧನ ಸವಿನಯ ವಂದನೆಗಳು. ನನಗೆ ಇಂಜಿನಿಯರಿಂಗಿನ ಗಂಧವಿಲ್ಲ. ಲಾರಿಯ ಸ್ಟಿಯರಿಂಗನ್ನು ಹಿಡಿದವನೂ ನಾನಲ್ಲ. ಆದರೆ ಯಾವ ಲಾರಿ ಎಷ್ಟು ಹೊತ್ತಿಗೆ ಬಂದಿತು, ಎಷ್ಟು ಹೊತ್ತಿಗೆ ಹೊರಟಿತು, ಅದನ್ನು ನಡೆಸಿಕೊಂಡು ಬಂದವನ ಕಣ್ಣುಗಳು ಎಷ್ಟು ಕೆಂಪಗಿದ್ದವು ಎಂಬ ಮೂರು ಸಂಗತಿಗಳನ್ನು ದಿನವೂ ಕಂಡವನು. ಮೊದಲಿನೆರಡನ್ನು ಲೆಡ್ಜರಿನಲ್ಲಿ ಬರೆದುಕೊಂಡು ಮೂರನೆಯದನ್ನು ಬರೆಯದೆ ಬಿಟ್ಟವನು. ಹಾಗೆ ಬಿಟ್ಟುಹೋದ ಮೂರನೆಯ ಕಾಲಮ್ಮನ್ನು ಕುರಿತು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದಕ್ಕಾಗಿಯೇ ಈ ಪತ್ರ.

2025ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಸಾರಿಗೆ ಮಂತ್ರಾಲಯವು ಹೊರಡಿಸಿದ ಕರಡು ಅಧಿಸೂಚನೆಯ ಸುದ್ದಿಯನ್ನು ನಾನು ಕನ್ನಡಕವನ್ನು ಒರೆಸಿಕೊಂಡು ಎರಡೆರಡು ಸಲ ಓದಿದೆ. ಎಂಟಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊರುವ ವಾಹನಗಳಿಗೂ ಬಸ್ಸುಗಳಿಗೂ ಲಾರಿಗಳಿಗೂ, ಆಪತ್ತಿನಲ್ಲಿ ತಾನಾಗಿ ಬ್ರೇಕು ಹಾಕುವ ಏರ್ಪಾಟು, ಪಥ ತಪ್ಪಿದರೆ ಸೂಚಿಸುವ ಏರ್ಪಾಟು, ಇವುಗಳ ಜೊತೆಗೆ ಚಾಲಕನ ತೂಕಡಿಕೆಯನ್ನೂ ಅನವಧಾನವನ್ನೂ ಕಂಡುಹಿಡಿದು ಅವನನ್ನು ಎಚ್ಚರಿಸುವ ಉಪಕರಣವೊಂದು, ಹೊಸ ಮಾದರಿಗಳಲ್ಲಿ 2026ರ ಏಪ್ರಿಲಿನಿಂದಲೂ ಈಗಾಗಲೇ ತಯಾರಾಗುತ್ತಿರುವ ಮಾದರಿಗಳಲ್ಲಿ ಅದೇ ವರ್ಷದ ಅಕ್ಟೋಬರಿನಿಂದಲೂ ಇರತಕ್ಕದ್ದೆಂದು ಆ ಕರಡಿನ ಸೂಚನೆಯಾಗಿತ್ತು. ಈ ಎಚ್ಚರಿಕೆಯ ಉಪಕರಣಕ್ಕೆಂದೇ ಎಐಎಸ್-184 ಎಂಬ ಪ್ರಮಾಣಕವೂ ಸಿದ್ಧವಾಗಿದೆ. ಓದಿ ನನಗೆ ಸಂತೋಷವಾಯಿತು; ಅದರ ಬೆನ್ನಿಗೇ ಒಂದು ದಿಗಿಲೂ ಹುಟ್ಟಿತು. ದಿಗಿಲೇಕೆಂಬುದನ್ನು ಹೇಳುವ ಮೊದಲು, ಈ ಉಪಕರಣವು ನಮ್ಮ ರಸ್ತೆಗಳಿಗೆ ಹೊಸದೇನಲ್ಲ, ಬಹುಕಾಲ ಅದು ಮನುಷ್ಯರೂಪದಲ್ಲಿಯೇ ಇತ್ತು ಎಂಬ ಸಂಗತಿಯನ್ನು ತಮಗೆ ನೆನಪಿಸಬೇಕಾಗಿದೆ.

ಲಾರಿಯ ಎಡಬದಿಯ ಆಸನದಲ್ಲಿ ಕ್ಲೀನರ್ ಎಂಬ ಹುಡುಗನೊಬ್ಬ ಕುಳಿತಿರುತ್ತಿದ್ದನಷ್ಟೆ. ಗಾಜನ್ನೊರಸುವುದು, ಏರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಡುವುದು, ಟಾರ್ಪಾಲಿನ ಹಗ್ಗ ಬಿಗಿಯುವುದು, ಗಾಡಿ ಹಿಂದಕ್ಕೆ ಬರುವಾಗ ಅದರ ಪಕ್ಕೆಯನ್ನು ಬಡಿಯುತ್ತ 'ಬರ್ಲಿ, ಬರ್ಲಿ' ಎಂದು ಕೂಗುವುದು, ಇವು ಅವನ ಹಗಲಿನ ಕೆಲಸಗಳು. ರಾತ್ರಿಯಾದ ಮೇಲೆ ಅವನಿಗೆ ಇದ್ದದ್ದು ಒಂದೇ ಕೆಲಸ: ಡ್ರೈವರನ ಮುಖವನ್ನು ನೋಡುತ್ತಿರುವುದು. ಗಿಯರ್ ಬದಲಿಸುವ ಕೈ ಅರೆಕ್ಷಣ ತಡೆಯಿತೇ, ಎದುರು ಬಂದ ಗಾಡಿಗೆ ಡಿಪ್ ಕೊಡುವುದನ್ನು ಮರೆತನೇ, ಆಡುತ್ತಿದ್ದ ಮಾತು ಅರ್ಧಕ್ಕೇ ನಿಂತಿತೇ ಎಂಬುದನ್ನೆಲ್ಲ ಆ ಹುಡುಗನು ಯಾವ ಶಾಲೆಯಲ್ಲಿಯೂ ಕಲಿಯದೆ ಬಲ್ಲವನಾಗಿದ್ದ. ಬಲ್ಲನೆಂದು ತೋರಿಸಿಕೊಳ್ಳುತ್ತಿರಲಿಲ್ಲ, ಅದು ಅವನ ಜಾಣತನ. 'ಅಣ್ಣಾ, ಒಂದು ಟೀ ಹೊಡೆಯೋಣ' ಎಂದು ಅವನೆಂದರೆ ತನ್ನ ಕಣ್ಣು ಎಳೆಯುತ್ತಿದೆಯೆಂದು ಡ್ರೈವರನಿಗೆ ಅರ್ಥವಾಗುತ್ತಿತ್ತು. ಮಾನವೂ ಉಳಿಯುತ್ತಿತ್ತು, ಪ್ರಾಣವೂ ಉಳಿಯುತ್ತಿತ್ತು.

ರಾಷ್ಟ್ರೀಯ ಪರ್ಮಿಟ್ಟಿನ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವೂ ಒಂದು ಕಾಲದಲ್ಲಿತ್ತು. ಅದನ್ನು ಪಾಲಿಸಿದವರೆಷ್ಟು ಮಂದಿ ಎಂಬುದು ಬೇರೆಯ ಮಾತು. ನಮ್ಮ ಆಫೀಸಿನಲ್ಲಿ ಎರಡನೆಯ ಡ್ರೈವರನ ಲೈಸೆನ್ಸಿನ ನಕಲು ಲಾರಿಯಲ್ಲಿರುತ್ತಿತ್ತು, ಲೈಸೆನ್ಸಿನವನು ಅವನ ಮನೆಯಲ್ಲಿರುತ್ತಿದ್ದ. ನಾನು ನಿವೃತ್ತನಾದ ಎಷ್ಟೋ ದಿನಗಳ ಮೇಲೆ, 2018ರಲ್ಲಿ, ಆ ನಿಯಮವನ್ನೇ ತೆಗೆದುಹಾಕಿದರು. ಕ್ಲೀನರುಗಳೂ ಕಡಮೆಯಾದರು: ಆ ಸಂಬಳಕ್ಕೆ ಆ ಧೂಳನ್ನು ತಿನ್ನಲು ಒಪ್ಪುವ ಹುಡುಗರು ಈಗ ಇಲ್ಲ, ಇರಬೇಕೆಂದು ನಾನು ಬಯಸುವುದೂ ಇಲ್ಲ. ಎಡಬದಿಯ ಆಸನವಂತೂ ಬರಿದಾಯಿತು. ಅಲ್ಲಿಗೆ ತಾವು ಈಗ ಒಂದು ಯಂತ್ರವನ್ನು ಕಳುಹಿಸುತ್ತಿದ್ದೀರಿ. ಬರುವವನು ಆ ಹುಡುಗನಂತಿರುತ್ತಾನೋ, ಅಥವಾ ಮಾಲೀಕನ ಗೂಢಚಾರನಾಗಿರುತ್ತಾನೋ ಎಂಬುದು ತಾವು ಬರೆಯುವ ಪ್ರಮಾಣಕದ ಒಂದೊಂದು ಸಾಲಿನ ಮೇಲೆ ನಿಂತಿದೆ. ನನ್ನ ದಿಗಿಲು ಇದೇ.

ಈ ಯಂತ್ರದ ರೀತಿಯನ್ನು, ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನ ಸಹಾಯದಿಂದ, ನನ್ನ ಅಲ್ಪಮತಿಗೆ ಎಟುಕಿದಷ್ಟು ತಿಳಿದುಕೊಂಡಿದ್ದೇನೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಚಾಲಕನ ಮುಖದ ಮೇಲೆ ಚೆಲ್ಲಿ, ಕತ್ತಲೆಯಲ್ಲಿಯೂ ಅವನ ರೆಪ್ಪೆಗಳ ಚಲನೆಯನ್ನು ಪುಟ್ಟ ಕ್ಯಾಮೆರಾವೊಂದು ನೋಡುತ್ತಿರುತ್ತದೆ. ಕಣ್ಣಿನ ಪಾಪೆ ನೂರಕ್ಕೆ ಎಂಬತ್ತು ಪಾಲು ಮುಚ್ಚಿದ ಸ್ಥಿತಿಯಲ್ಲಿ ಒಂದು ಅವಧಿಯೊಳಗೆ ಎಷ್ಟು ಹೊತ್ತು ಇದ್ದಿತೆಂದು ಲೆಕ್ಕ ಹಾಕುತ್ತದೆ. ಈ ಅಳತೆಯನ್ನು ಅಮೆರಿಕದ ವಾಲ್ಟರ್ ವಿಯರ್‌ವಿಲ್ ಮತ್ತು ಅವರ ಸಹೋದ್ಯೋಗಿಗಳು 1994ರಷ್ಟು ಹಿಂದೆಯೇ ರೂಪಿಸಿದರಂತೆ. ಚಾಲಕನತ್ತ ತಿರುಗಿದ ಕ್ಯಾಮೆರಾವು 2006ರಲ್ಲಿ ಜಪಾನಿನ ಲೆಕ್ಸಸ್ ಕಾರುಗಳಲ್ಲಿ ಕಾಣಿಸಿಕೊಂಡಿತು. ಮುಖವನ್ನೇ ನೋಡದೆ, ಸ್ಟಿಯರಿಂಗಿನ ಸಣ್ಣಪುಟ್ಟ ತಿದ್ದುವಿಕೆಗಳಿಂದ ಚಾಲಕನ ಜಡತೆಯನ್ನು ಊಹಿಸುವ ಇನ್ನೊಂದು ಬಗೆಯೂ ಉಂಟು, ಅದು ಅಗ್ಗ. ಆದರೆ ಗುಂಡಿಗೊಂದು ಸಲ, ಎಮ್ಮೆಗೊಂದು ಸಲ, ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರಿಗೊಂದು ಸಲ ಸ್ಟಿಯರಿಂಗ್ ತಿರುಗಿಸಲೇಬೇಕಾದ ನಮ್ಮ ದಾರಿಯಲ್ಲಿ ಅದು ಎಚ್ಚರವಿದ್ದವನನ್ನು ಮಲಗಿದವನೆಂದೂ ಮಲಗಿದವನನ್ನು ಎಚ್ಚರವಿದ್ದವನೆಂದೂ ತಿಳಿದರೆ ಆಶ್ಚರ್ಯವಿಲ್ಲ. ಅಗ್ಗವೆಂಬ ಒಂದೇ ಕಾರಣಕ್ಕಾಗಿ ಅದಕ್ಕೆ ಬಾಗಿಲು ತೆರೆಯಬಾರದೆಂದು ಬೇಡುತ್ತೇನೆ.

ಇನ್ನು ನನ್ನ ಸ್ವಂತ ಸಾಕ್ಷ್ಯವನ್ನು ಹೇಳಬೇಕು. ಹೇಳದೆ ಬೇಡುವ ಅಧಿಕಾರ ನನಗಿಲ್ಲ.

1996ರ ಬೇಸಿಗೆ. ಪುಣೆಗೆ ಹೋಗಿದ್ದ ಲಾರಿಯೊಂದು ಸಂಜೆ 7 ಗಂಟೆ 40 ನಿಮಿಷಕ್ಕೆ ನಮ್ಮ ಆಫೀಸಿನ ಮುಂದೆ ಬಂದು ನಿಂತಿತು. ಅದರ ಡ್ರೈವರ ಹರಿಹರದ ಕಡೆಯವನು, ನಲವತ್ತು ದಾಟಿದವನು, ಮಿತಭಾಷಿ. ಅದೇ ಹೊತ್ತಿಗೆ ನಾಮಕ್ಕಲ್ಲಿಗೆ ಮೆಕ್ಕೆಜೋಳ ಕಳುಹಿಸಬೇಕಾಗಿದ್ದ ಪಾರ್ಟಿಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು, ಬೇರೆ ಗಾಡಿಯಿರಲಿಲ್ಲ, ಯಜಮಾನರು ಊರಲ್ಲಿರಲಿಲ್ಲ, ತೀರ್ಮಾನ ನನ್ನ ಕೈಯಲ್ಲಿತ್ತು. 'ಗುಮಾಸ್ತರೇ, ಇದೊಂದು ರಾತ್ರಿ ಮಲಗಿ ಕೋಳಿ ಕೂಗೋ ಹೊತ್ತಿಗೆ ಹೊರಡ್ತೀನಿ' ಎಂದು ಅವನು ಮೇಜಿನ ಅಂಚನ್ನು ಹಿಡಿದುಕೊಂಡು ಹೇಳಿದ. ನಾನು ತಲೆಯೆತ್ತದೆ, 'ದಾರೀಲಿ ಎಲ್ಲಾದರೂ ಒಂದು ಗಳಿಗೆ ಮಲಗಿಕೋ ಮಾರಾಯ' ಎಂದು ಹೇಳಿ ಬಾಟಾದ ಹಣವನ್ನು ಎಣಿಸಿ ಕೊಟ್ಟೆ. ಎಲ್ಲಿ ಮಲಗಬೇಕು, ಮಲಗಿದರೆ ನಾಮಕ್ಕಲ್ಲನ್ನು ಹೇಳಿದ ಹೊತ್ತಿಗೆ ಮುಟ್ಟುವುದು ಹೇಗೆ ಎಂಬುದನ್ನು ಅವನು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಹಮಾಲರು ಚೀಲಗಳನ್ನು ಪೇರಿಸಿದರು. ಕ್ಲೀನರ್ ಹುಡುಗನೂ ಹೆಗಲು ಕೊಟ್ಟ. ರಾತ್ರಿ 11 ಗಂಟೆ 15 ನಿಮಿಷಕ್ಕೆ ಗಾಡಿ ಹೊರಟಿತೆಂದು ಲೆಡ್ಜರಿನಲ್ಲಿ ಬರೆದು, ದೀಪವಾರಿಸಿ, ಮನೆಗೆ ಹೋಗಿ ಸುಖವಾಗಿ ನಿದ್ದೆ ಮಾಡಿದವನು ನಾನೊಬ್ಬನೇ. ಶಿರಾದ ಸಮೀಪದ ಏರೊಂದರಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಲಾರಿ ರಸ್ತೆಯನ್ನು ಬಿಟ್ಟಿಳಿದು ಹುಣಸೆಯ ಮರಕ್ಕೆ ಎಡಮಗ್ಗುಲನ್ನು ಕೊಟ್ಟು ನಿಂತಿತು. ಡ್ರೈವರ ಒಂದು ಕಾಲನ್ನು ಕಳೆದುಕೊಂಡು ಬದುಕಿದ. ಎರಡು ರಾತ್ರಿ ಎಚ್ಚರವಿದ್ದು, ಚೀಲ ಹೊತ್ತು, ಆ ರಾತ್ರಿ ಮೊಟ್ಟಮೊದಲ ಬಾರಿಗೆ ಡ್ರೈವರನಿಗಿಂತ ಮುಂಚೆ ಕಣ್ಣು ಮುಚ್ಚಿದ ಆ ಹುಡುಗ, ಅವನಿಗೆ ಹದಿನೆಂಟು ತುಂಬಿದ್ದಿರಲಾರದು, ಏಳಲಿಲ್ಲ.

ಪೊಲೀಸಿನವರು 'ಅತಿವೇಗ ಮತ್ತು ಅಜಾಗರೂಕತೆ'ಯೆಂದು ಬರೆದುಕೊಂಡರು. ಆಗಿನ ದಂಡಸಂಹಿತೆಯ 279, 304(ಎ) ಎಂಬ ಕಲಮುಗಳು ಡ್ರೈವರನ ಮೇಲೆ ಬಿದ್ದವು. ತುಂಬಿದ ಲಾರಿ ಆ ಏರಿನಲ್ಲಿ ಯಾವ ಅತಿವೇಗವನ್ನು ಸಾಧಿಸಬಲ್ಲದು ಎಂದು ಯಾರೂ ಕೇಳಲಿಲ್ಲ. ನನ್ನ ಲೆಡ್ಜರನ್ನು ತರಿಸಿ ಓದಲಿಲ್ಲ. 7-40ಕ್ಕೂ 11-15ಕ್ಕೂ ನಡುವಣ ಅಂತರದಲ್ಲಿ ಇದ್ದ ಅಪರಾಧ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಲಿಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದಲ್ಲಿ ತಮ್ಮ ಕಾಲವನ್ನು ಹರಣಮಾಡುತ್ತಿರಲಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು 1,68,491 ಮಂದಿ ಸತ್ತರೆಂದು ತಮ್ಮ ಮಂತ್ರಾಲಯದ ವರದಿಯೇ ಹೇಳುತ್ತದೆ. ಅದರಲ್ಲಿ ಚಾಲನೆಯ ತಪ್ಪುಗಳನ್ನು ವಿಂಗಡಿಸಿರುವ ಕೋಷ್ಟಕವನ್ನು ದಯಮಾಡಿ ಇನ್ನೊಮ್ಮೆ ನೋಡಬೇಕು. ಅತಿವೇಗಕ್ಕೊಂದು ಕಾಲಮ್ಮಿದೆ, ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಅದರಲ್ಲಿಯೇ ಬಿದ್ದಿವೆ. ಕುಡಿತಕ್ಕೊಂದು, ತಪ್ಪು ಬದಿಯ ಚಾಲನೆಗೊಂದು, ಕೆಂಪು ದೀಪ ದಾಟಿದ್ದಕ್ಕೊಂದು, ಮೊಬೈಲಿಗೊಂದು. ನಿದ್ರೆಗೆ ಇಲ್ಲ. ನಿದ್ದೆಗಣ್ಣಿನಲ್ಲಿ ಸತ್ತವರು, ಸಾಯಿಸಿದವರು 'ಇತರೆ'ಯಲ್ಲಿಯೋ ಅತಿವೇಗದಲ್ಲಿಯೋ ಅಡಗಿ ಕುಳಿತಿದ್ದಾರೆ. ನನ್ನ ಲೆಡ್ಜರಿನಲ್ಲಿ ಇಲ್ಲದ ಕಾಲಮ್ಮು ತಮ್ಮ ಲೆಡ್ಜರಿನಲ್ಲಿಯೂ ಇಲ್ಲವೆಂದು ಕಂಡಾಗ ನನಗೆ ಸಮಾಧಾನವಾಗಲಿಲ್ಲ.

2024ರ ಜೂನ್ 28ರ ಬೆಳಗಿನ ಜಾವ, ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಸವದತ್ತಿಯ ಯಲ್ಲಮ್ಮನ ದರ್ಶನ ಮಾಡಿಕೊಂಡು ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರ ಟೆಂಪೋ ಟ್ರಾವೆಲರ್ ನಿಂತ ಲಾರಿಯ ಬೆನ್ನಿಗೆ ಬಡಿದು 13 ಮಂದಿ ತೀರಿಕೊಂಡರು. ಅದರ ಕಾರಣವನ್ನು ನಿರ್ಣಯಿಸುವುದು ನನ್ನ ಅಧಿಕಾರವಲ್ಲ. ಹೊತ್ತನ್ನು ಮಾತ್ರ ಗಮನಿಸಿರೆಂದು ಕೇಳುತ್ತೇನೆ. ಎರಡು ಗಂಟೆಯಿಂದ ಆರು ಗಂಟೆಯವರೆಗಿನ ಆ ಹೊತ್ತಿನಲ್ಲಿ ಮನುಷ್ಯದೇಹದ ಒಳಗಡಿಯಾರ ಅವನನ್ನು ಹಾಸಿಗೆಯ ಕಡೆಗೆ ಎಳೆಯುತ್ತಿರುತ್ತದೆ. ಹಸಿಮೆಣಸಿನಕಾಯಿ ಕಡಿದುಕೊಂಡು, ಕಣ್ಣಿನ ಕೆಳಗೆ ಅಮೃತಾಂಜನ ಹಚ್ಚಿಕೊಂಡು, ಕಿಟಕಿಯಿಂದ ತಲೆ ಹೊರಗಿಟ್ಟು ಗಾಳಿ ಕುಡಿದು ಅದರೊಡನೆ ಹೋರಾಡಿದ ಡ್ರೈವರುಗಳನ್ನು ನಾನು ಬಲ್ಲೆ. ಎರಡು ನಿಮಿಷ ಗೆಲ್ಲಬಹುದು. 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡಿನ ಒಂದು ಜೊಂಪಿನಲ್ಲಿ ಅದು ಸುಮಾರು 90 ಮೀಟರ್ ದಾರಿಯನ್ನು ಯಾರ ಕಣ್ಣೂ ಇಲ್ಲದೆ ದಾಟಿಬಿಡುತ್ತದೆ.

1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬಿಬ್ಬರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, 17 ಗಂಟೆ ನಿದ್ರೆಯಿಲ್ಲದೆ ಇದ್ದವನ ಕೈಕಣ್ಣುಗಳ ಹೊಂದಾಣಿಕೆ, ನೂರು ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನಷ್ಟೇ ಕೆಡುತ್ತದೆ. ನಮ್ಮ ಕಾನೂನು 30 ಮಿಲಿಗ್ರಾಮಿಗೇ ಚಾಲಕನನ್ನು ಅಪರಾಧಿಯೆನ್ನುತ್ತದೆ, ಅದು ಸರಿಯೇ. ಆದರೆ ಕುಡಿದು ಬಂದ ಡ್ರೈವರನಿಗೆ ಗಾಡಿ ಕೊಟ್ಟಿದ್ದರೆ ನನ್ನ ಯಜಮಾನರು ನನ್ನನ್ನು ಮನೆಗೆ ಕಳುಹಿಸುತ್ತಿದ್ದರು. ನಿದ್ದೆಗೆಟ್ಟು ಬಂದವನಿಗೆ ಕೊಟ್ಟದ್ದಕ್ಕೆ ಅದೇ ಯಜಮಾನರು ಆ ಯುಗಾದಿಗೆ ನನಗೆ ಪಂಚೆ ಕೊಟ್ಟಿದ್ದರು.

ಆದ್ದರಿಂದ ಈ ಯಂತ್ರ ಬರಲಿ, ಬೇಗ ಬರಲಿ. ಬರುವಾಗ ಒಂದೇ ನಡತೆಯನ್ನು ಕಲಿತು ಬರಲಿ. ನಮ್ಮ ಡ್ರೈವರನಿಗೆ ಲಾರಿ ಗಂಟುಬಿದ್ದದ್ದಲ್ಲ. ಸುಗ್ಗಿಯಲ್ಲಿ ಒಬ್ಬರ ಗಾಡಿ, ಮಳೆಗಾಲದಲ್ಲಿ ಇನ್ನೊಬ್ಬರದು. ಇವತ್ತು ಒಂದು ಕಂಪೆನಿಯ ತಯಾರಿಕೆ, ನಾಳೆ ಮತ್ತೊಂದರದು. ಒಂದರಲ್ಲಿ ಗಂಟೆ ಬಾರಿಸಿದಂತೆ, ಮತ್ತೊಂದರಲ್ಲಿ ಕೋಗಿಲೆ ಕೂಗಿದಂತೆ, ಮಗದೊಂದರಲ್ಲಿ ಆಸನ ನಡುಗಿದಂತೆ ಸೂಚನೆಯಾದರೆ, ಅರೆನಿದ್ದೆಯಲ್ಲಿರುವವನು ಅದರ ಅರ್ಥವನ್ನು ಹುಡುಕುತ್ತ ಕೂರಬೇಕೇ? ಹಾರ್ನಿಗೆ, ಬ್ರೇಕಿನ ಕೆಂಪು ದೀಪಕ್ಕೆ ಎಲ್ಲ ವಾಹನಗಳಲ್ಲಿಯೂ ಒಂದೇ ಅರ್ಥವಿರುವಂತೆ, ಈ ಎಚ್ಚರಿಕೆಗೂ ಒಂದೇ ದನಿ, ಒಂದೇ ಗುರುತು, ಮಾತು ಸೇರಿಸುವುದಾದರೆ ಚಾಲಕನು ಆರಿಸಿಕೊಂಡ ಭಾಷೆ, ಇವಿಷ್ಟನ್ನು ಪ್ರಮಾಣಕದಲ್ಲಿ ಖಚಿತಪಡಿಸಬೇಕೆಂದು ಪ್ರಾರ್ಥನೆ. ಬಸ್ಸಿನಲ್ಲಾದರೆ ಆ ದನಿ ಹಿಂದಿನ ನಲವತ್ತು ಜನರನ್ನು ಗಾಬರಿಗೊಳಿಸದಂತಿರಲಿ. ಕ್ಲೀನರ್ ಹುಡುಗನು ಟೀಯ ನೆಪವನ್ನು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಯೂರೋಪಿನ ಒಕ್ಕೂಟದಲ್ಲಿ ಈ ಏರ್ಪಾಟು 2022ರ ಜುಲೈಯಿಂದ ಹೊಸ ಮಾದರಿಗಳಿಗೂ 2024ರ ಜುಲೈಯಿಂದ ಎಲ್ಲ ಹೊಸ ವಾಹನಗಳಿಗೂ ಕಡ್ಡಾಯವಾಗಿದೆ. ಅವರಿಂದ ಕಲಿಯತಕ್ಕದ್ದು ಬಹಳವಿದೆ. ನಕಲು ಮಾಡಬಾರದ್ದೂ ಇದೆ. ಅವರ ನಿಯಮದಲ್ಲಿ ತೂಕಡಿಕೆಯ ಎಚ್ಚರಿಕೆ ಗಂಟೆಗೆ 70 ಕಿಲೋಮೀಟರ್ ವೇಗವನ್ನು ದಾಟಿದ ಮೇಲೆ ಕೆಲಸ ಮಾಡಿದರೆ ಸಾಕು. ಹದಿನಾರು ಟನ್ ಹೊತ್ತು ಶಿರಾಡಿಯ ಘಾಟಿಯನ್ನು 25ರಲ್ಲಿ ಹತ್ತುವ, ಬಯಲಿನಲ್ಲಿಯೂ 50-55ರ ಆಚೆಗೆ ಹೋಗದ ನಮ್ಮ ಹಳೆಯ ಲಾರಿಯಲ್ಲಿ ಅಂತಹ ಯಂತ್ರ ತನ್ನ ಆಯುಷ್ಯವನ್ನೆಲ್ಲ ಮಲಗಿಯೇ ಕಳೆದೀತು. ಶಿರಾದ ಹುಣಸೆಮರಕ್ಕೆ ಬಡಿದ ಗಾಡಿ 70ರಲ್ಲಿ ಇರಲಿಲ್ಲವೆಂದು ಪ್ರಮಾಣಮಾಡಿ ಹೇಳಬಲ್ಲೆ. ಭಾರವಾಹನಗಳಿಗೆ ಈ ಮಿತಿ ನಮ್ಮ ನೆಲಕ್ಕೆ ತಕ್ಕಷ್ಟು ಕೆಳಗಿರಲಿ.

ಪರೀಕ್ಷೆಯೂ ನಮ್ಮ ಮುಖಗಳ ಮೇಲೆ ನಡೆಯಲಿ. ತಲೆಗೆ ಟವೆಲ್ ಸುತ್ತಿದವನು, ಪೇಟ ಕಟ್ಟಿದ ಸರ್ದಾರ, ದಪ್ಪಗಾಜಿನ ಕನ್ನಡಕದವನು, ಹೊಗೆಬಣ್ಣದ ಕನ್ನಡಕದವನು, ಹುಟ್ಟಿನಿಂದಲೇ ಸಣ್ಣ ಕಣ್ಣಿನವನು, ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡವನು, ಕರಿಯ ಮೈಬಣ್ಣದವನು, ಮೂಗಿನವರೆಗೆ ಮಫ್ಲರ್ ಎಳೆದುಕೊಂಡವನು, ಇವರೆಲ್ಲರನ್ನೂ ಕೂರಿಸಿ, ಧೂಳು ಹಿಡಿದ ಗಾಜಿನ ಹಿಂದೆ, ಹಗಲೂ ರಾತ್ರಿಯೂ ಪರೀಕ್ಷಿಸಿದ ಮೇಲೆ ಮಾತ್ರ ಯಂತ್ರಕ್ಕೆ ಮುದ್ರೆ ಬೀಳಲಿ. ಎಚ್ಚರವಿದ್ದವನನ್ನು ಎಚ್ಚರಿಸುವ ಸುಳ್ಳು ಕೂಗು ಇಂತಿಷ್ಟನ್ನು ಮೀರಬಾರದೆಂಬ ಅಂಕೆಯೊಂದನ್ನು ತಾವು ಬರೆಯದಿದ್ದರೆ ಏನಾಗುವುದೆಂಬುದಕ್ಕೆ ನನ್ನ ಮನೆಯಲ್ಲಿಯೇ ನಿದರ್ಶನವಿದೆ.

ನನ್ನ ತಂಗಿಯ ಮಗ ಖಾಸಗಿ ಸ್ಲೀಪರ್ ಬಸ್ಸಿನ ಡ್ರೈವರ. ಅವನ ಬಸ್ಸಿಗೆ ಮಾಲೀಕರು ಎಲ್ಲಿಂದಲೋ ತಂದ ಇಂತಹದೇ ಕ್ಯಾಮೆರಾವನ್ನು ಹಾಕಿಸಿದರು. ಎಡಗಡೆಯ ಕನ್ನಡಿಯನ್ನು ನೋಡಿದರೆ ಅದು ಕಿರುಚುತ್ತಿತ್ತು, ಆಕಳಿಸಿದರೆ ಕಿರುಚುತ್ತಿತ್ತು, ನಕ್ಕರೂ ಕಿರುಚುತ್ತಿತ್ತು; ಕಿರುಚಿದಾಗಲೆಲ್ಲ ಅವನ ಮುಖದ ಚಿತ್ರ ಮಾಲೀಕರ ಮೊಬೈಲಿಗೆ ಹೋಗಿ, ತಿಂಗಳ ಕೊನೆಯಲ್ಲಿ ಸಂಬಳದಿಂದ ಒಂದೊಂದಕ್ಕೂ ಇಷ್ಟೆಂದು ಹಣ ಮುರಿಯುತ್ತಿದ್ದರು. ಅವನೇನು ಮಾಡಿದ ಗೊತ್ತೇ? ದೇವರ ಪಟಕ್ಕೆ ಹಾಕುವ ಸೇವಂತಿಗೆಯ ಮಾಲೆಯನ್ನು ಒಂದು ಮೊಳ ಹೆಚ್ಚು ಕೊಂಡು, ಅದರ ತುದಿ ಸರಿಯಾಗಿ ಕ್ಯಾಮೆರಾದ ಕಣ್ಣಿಗೆ ಇಳಿಬೀಳುವಂತೆ ಕಟ್ಟಿದ. ಭಕ್ತಿಯನ್ನು ತೆಗೆಯೆನ್ನಲು ಮಾಲೀಕರಿಗೂ ಬಾಯಿ ಬರಲಿಲ್ಲ. ನಾನು ನಕ್ಕೆ, ಆಮೇಲೆ ಬಯ್ದೆ. ಅವನು ಹೇಳಿದ ಮಾತು ಇದು: 'ಮಾವ, ಅದು ನನ್ನನ್ನ ಎಬ್ಬಿಸೋಕೆ ಇದ್ದಿದ್ರೆ ದಿನಾ ಅದಕ್ಕೇ ಪೂಜೆ ಮಾಡ್ತಿದ್ದೆ.'

ಸೀಟ್‌ಬೆಲ್ಟಿನ ಎಚ್ಚರಿಕೆಯ ದನಿಯನ್ನು ಅಡಗಿಸುವುದಕ್ಕೆಂದೇ ಕ್ಲಿಪ್ಪುಗಳನ್ನು ಮಾರುತ್ತಿದ್ದ ಅಂತರ್ಜಾಲದ ಅಂಗಡಿಗಳ ಮೇಲೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆದೇಶ ಹೊರಡಿಸಬೇಕಾಯಿತು. ಕಾರಿನ ಒಡೆಯನೇ ತನ್ನ ಪ್ರಾಣದ ವಿಚಾರದಲ್ಲಿ ಹಾಗೆ ಮಾಡುವನಾದರೆ, ಕೂಲಿ ಕಡಿತವಾಗುವ ಡ್ರೈವರನು ಮಾಡದಿದ್ದಾನೆಯೇ? ಯೂರೋಪಿನವರ ನಿಯಮದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗವಿರುವುದು ಇಲ್ಲಿಯೇ: ಕಣ್ಣನ್ನು ಕಂಡ ಯಂತ್ರವು ಕಂಡದ್ದನ್ನು ವಾಹನದೊಳಗೇ ಇಟ್ಟುಕೊಳ್ಳಬೇಕು, ಹೊರಗಿನ ಯಾರ ಕೈಗೂ ಕೊಡಬಾರದು, ಕೆಲಸ ಮುಗಿದೊಡನೆ ಅಳಿಸಿಬಿಡಬೇಕು. ಈ ಮಾತನ್ನು ನಮ್ಮ ಪ್ರಮಾಣಕದಲ್ಲಿಯೂ ಯಾರೂ ತಪ್ಪರ್ಥ ಮಾಡಲಾಗದಂತೆ ಬರೆಯಿರಿ. ಹೊಸ ಗಾಡಿಗಳಿಗೆ ಮಾತ್ರ ಬರೆದು ನಿಲ್ಲಿಸಬೇಡಿ. ನಮ್ಮಲ್ಲಿ ಲಾರಿಯೊಂದು ಹತ್ತು ಹದಿನೈದು ವರ್ಷ ಕೈಯಿಂದ ಕೈಗೆ ಹೋಗುತ್ತ ದುಡಿಯುತ್ತದೆ. ಅವುಗಳಿಗೆ ಹೊರಗಿನಿಂದ ತಂದು ತಗುಲಿಸುವ ಯಂತ್ರಗಳಿಗೂ ಇದೇ ಪರೀಕ್ಷೆ, ಇದೇ ದನಿ, ಇದೇ ಮರ್ಯಾದೆ ಅನ್ವಯಿಸಲಿ.

ಹಾಗಾದರೆ ಯಂತ್ರ ಏನನ್ನೂ ನೆನಪಿಟ್ಟುಕೊಳ್ಳಬಾರದೇ ಎಂದು ತಾವು ಕೇಳಬಹುದು. ಒಂದನ್ನು ಇಟ್ಟುಕೊಳ್ಳಲಿ: ಹೊತ್ತು. ಇಂಜಿನ್ನು ಎಷ್ಟಕ್ಕೆ ಶುರುವಾಯಿತು, ಗಾಡಿ ನಿಲ್ಲದೆ ಎಷ್ಟು ಗಂಟೆ ಓಡಿತು, ನಿಂತದ್ದು ಎಷ್ಟು ನಿಮಿಷ, ಎಚ್ಚರಿಕೆಯ ದನಿ ಎಷ್ಟು ಸಲ ಮೊಳಗಿತು. ಮುಖವಿಲ್ಲದ ಈ ಲೆಕ್ಕ ಮಾತ್ರ ಉಳಿಯಲಿ, ಯಾರೂ ತಿದ್ದಲಾಗದಂತೆ ಉಳಿಯಲಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ವಿಶ್ರಾಂತಿ ಎಂಬ ಮೇರೆಯನ್ನು ಹಾಕಿ ಅರುವತ್ತು ವರ್ಷಗಳ ಮೇಲಾಯಿತು. ನನ್ನ 31 ವರ್ಷಗಳಲ್ಲಿ ಅದನ್ನು ಅಳೆಯಲು ಒಬ್ಬ ಇನ್ಸ್‌ಪೆಕ್ಟರೂ ನಮ್ಮ ಬಾಗಿಲಿಗೆ ಬಂದದ್ದನ್ನು ನಾನು ಕಾಣೆ. ಯೂರೋಪಿನಲ್ಲಿ ನಾಲ್ಕೂವರೆ ಗಂಟೆಯ ಚಾಲನೆಗೆ 45 ನಿಮಿಷದ ಬಿಡುವು ಕಡ್ಡಾಯ. ಅದನ್ನು ಟ್ಯಾಕೋಗ್ರಾಫ್ ಎಂಬ ಯಂತ್ರ ಬರೆದಿಡುತ್ತದೆ. 2021ರ ಸೆಪ್ಟೆಂಬರಿನಲ್ಲಿ ಸಚಿವರಾದ ನಿತಿನ್ ಗಡ್ಕರಿಯವರೂ, ವಿಮಾನದ ಪೈಲಟ್ಟುಗಳಿಗಿರುವಂತೆ ಲಾರಿ ಚಾಲಕರಿಗೂ ಚಾಲನೆಯ ಗಂಟೆಗಳು ನಿಗದಿಯಾಗಬೇಕೆಂದಿದ್ದರು. ಆ ಮಾತನ್ನೂ ಈ ಯಂತ್ರವನ್ನೂ ಒಂದೇ ನೊಗಕ್ಕೆ ಹೂಡಿರಿ. ಆಗ ಅಪಘಾತವಾದಾಗ ಪೊಲೀಸಿನವರು ಡ್ರೈವರನ ಮುಖವನ್ನು ಹುಡುಕುವ ಮುಂಚೆ ಗಾಡಿಯನ್ನು ಕಳುಹಿಸಿದವನ ಹೆಸರನ್ನು ಕೇಳುವಂತಾಗುತ್ತದೆ. ಕಣ್ಣಿನ ಚಿತ್ರ ಡ್ರೈವರನದು; ಗಂಟೆಯ ಲೆಕ್ಕ ನನ್ನಂಥವರದು. ಇವೆರಡನ್ನೂ ಬೆರೆಸಬೇಡಿ.

ಖರ್ಚಿನ ಆಕ್ಷೇಪಣೆ ಬಂದೇ ಬರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ತಾವು ಮಾಡಿದಾಗಲೂ, ತಂಪಾದರೆ ಡ್ರೈವರ ನಿದ್ದೆ ಹೋಗುತ್ತಾನೆಂದು ನಕ್ಕವರಿದ್ದರು. ಅದಕ್ಕೆ ಉತ್ತರ ಹೇಳುವ ತಾಳ್ಮೆ ನನಗಿಲ್ಲ. ಆದರೆ ದನಿ ಮೊಳಗಿದ ಮೇಲೆ ಡ್ರೈವರನು ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಮಾತ್ರ ನಗೆಯದಲ್ಲ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿದರೆ ಅವನೇ ಇನ್ನೊಂದು ಗಾಡಿಗೆ ಮೃತ್ಯುವಾಗುತ್ತಾನೆ. ಡಾಬಾದಲ್ಲಿ ನಿಲ್ಲಿಸಿದರೆ ಊಟ ಮಾಡದವನಿಗೆ ಜಾಗವಿಲ್ಲ. ಮರೆಯಲ್ಲಿ ನಿಲ್ಲಿಸಿದರೆ ಡೀಸೆಲ್ ಕಳ್ಳರು. ದೀಪವಿರುವ, ನೀರಿರುವ, ಕಾವಲಿರುವ, ಎರಡು ಗಂಟೆ ಮಲಗಿದರೆ ಯಾರೂ ಎಬ್ಬಿಸದ ತಂಗುದಾಣಗಳನ್ನು ಕಟ್ಟುವುದು ತಮ್ಮ ಸಮಿತಿಯ ಕೆಲಸವಲ್ಲವೆಂದು ಬಲ್ಲೆ. ಕಟ್ಟಬೇಕಾದವರೂ ಇದನ್ನು ಓದಲೆಂದೇ ಪತ್ರವನ್ನು ಬಹಿರಂಗವಾಗಿ ಬರೆದಿದ್ದೇನೆ.

ಕೊನೆಯದಾಗಿ ಒಂದು ಕೋರಿಕೆ. ಪ್ರಮಾಣಕಗಳು ಪುಣೆಯಲ್ಲಿ ಅಚ್ಚಾಗುತ್ತವೆಂದು ತಿಳಿದಿದ್ದೇನೆ; ಪುಣೆಯೆಂದರೆ ನನಗೆ ಲೆಡ್ಜರಿನಲ್ಲಿ ಬರೆದ ಒಂದು ಊರಿನ ಹೆಸರು, ಇದುವರೆಗೂ ನೋಡಿಲ್ಲ. ತಮ್ಮಲ್ಲಿ ಇಬ್ಬರು ಮೂವರಾದರೂ ಒಂದು ರಾತ್ರಿ ಹಿರಿಯೂರಿನ ಬಳಿಯ ಯಾವುದಾದರೂ ಡಾಬಾಕ್ಕೆ ದಯಮಾಡಿಸಿ, ಮೂರು ಗಂಟೆಯ ಹೊತ್ತಿಗೆ ಗಾಡಿ ನಿಲ್ಲಿಸಿ ಇಳಿಯುವ ಡ್ರೈವರುಗಳೊಡನೆ ಕುಳಿತು, ತಾವು ಅಂತಿಮಗೊಳಿಸುವ ಎಚ್ಚರಿಕೆಯ ದನಿಯನ್ನು ಅವರಿಗೆ ಕೇಳಿಸಿರಿ. ನನ್ನ ತಂಗಿಯ ಮಗನನ್ನು ಕರೆತರುತ್ತೇನೆ; ಟೀ ನನ್ನ ಲೆಕ್ಕದಲ್ಲಿರಲಿ. 1996ರ ಆ ಲೆಡ್ಜರನ್ನು ಆಫೀಸಿನವರು ರದ್ದಿಗೆ ಹಾಕುವಾಗ ನಾನು ಕೇಳಿ ಇಟ್ಟುಕೊಂಡೆ. ಅದನ್ನೂ ಜೊತೆಗೆ ತರುತ್ತೇನೆ. ಬೇಕಾದ ಪುಟಕ್ಕೆ ನೂಲು ಕಟ್ಟಿಟ್ಟಿದ್ದೇನೆ.

ಇತಿ,
ತಮ್ಮ ವಿಧೇಯ,
ಲಾರಿ ಆಫೀಸಿನ ನಿವೃತ್ತ ಗುಮಾಸ್ತ
ದಾವಣಗೆರೆ